ಬೆಳ್ಳಗೇ ಉಳಿದ ಗಂಟುಗಳು

ಒಂದು ಗಂಟೂ ಕಪ್ಪಾಗಿರಲಿಲ್ಲ.

ಡಾಕ್ಟರ್ ಶಿವರಂಜನಿ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿಕೊಂಡು ಮತ್ತೆ ಪರದೆಯತ್ತ ಬಾಗಿದರು. ಸೊಂಟದ ಎಡಬದಿ—ಬಿಳಿ. ಬಲಬದಿ—ಬಿಳಿ. ತೊಡೆಸಂದಿನವು—ಅವೂ ಬಿಳಿ. ಎಣಿಸಿದರು. ಇಪ್ಪತ್ತಾರು ದುಗ್ಧಗ್ರಂಥಿಗಳು. ಇಪ್ಪತ್ತಾರೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು.

ಶನಿವಾರ, ಬೆಳಿಗ್ಗೆ ಹನ್ನೊಂದೂ ಮುಕ್ಕಾಲು. ಹೊರಗೆ ಹಜಾರದಲ್ಲಿ ಶಾಗ್ಯದ ದೊಡ್ಡಬಸಮ್ಮ ಮಗಳು ರತ್ನಳ ಜೊತೆ ಕೂತು ವರದಿಗಾಗಿ ಕಾಯುತ್ತಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮೂತ್ರಪಿಂಡ ಮೊದಲೇ ಸೋತಿದ್ದರಿಂದ ಎಲ್ಲರಿಗೂ ಕೊಡುವ ಸ್ಕ್ಯಾನ್ ಔಷಧವನ್ನು ಆಕೆಗೆ ಕೊಡುವಂತಿರಲಿಲ್ಲ. ಅಂಥವರಿಗಾಗಿಯೇ ಕೊಳ್ಳೇಗಾಲದ ಈ ಸ್ಕ್ಯಾನ್ ಸೆಂಟರಿನಲ್ಲಿ ಆರು ತಿಂಗಳಿಂದ ಹೊಸ ಔಷಧವೊಂದರ ಪ್ರಯೋಗ ನಡೆದಿತ್ತು. ಕಾಫಿ ಡಿಕಾಕ್ಷನ್ನಿನ ಬಣ್ಣದ ದ್ರವ. ಅದರೊಳಗೆ ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ಕಬ್ಬಿಣದ ಕಣಗಳು—ನ್ಯಾನೊಕಣಗಳು. ಇವತ್ತು ನರಕ್ಕೆ ಹರಿಸಿದರೆ ಆರೋಗ್ಯವಾದ ಗ್ರಂಥಿಗಳು ಅವನ್ನು ನುಂಗಿ ನಾಳಿನ ಚಿತ್ರದಲ್ಲಿ ಕಪ್ಪಾಗುತ್ತವೆ. ಕ್ಯಾನ್ಸರ್ ಹೊಕ್ಕ ಗ್ರಂಥಿ ನುಂಗಲಾರದೆ ಬೆಳ್ಳಗೇ ಉಳಿಯುತ್ತದೆ.

ಹಾಗಾದರೆ ಈ ಚಿತ್ರ ಹೇಳುತ್ತಿದ್ದುದು ಇಷ್ಟೇ—ರೋಗ ಎಲ್ಲ ಕಡೆಗೂ ಹಬ್ಬಿದೆ. ಆಪರೇಷನ್ ಮಾಡಿ ಫಲವಿಲ್ಲ.

ಐದು ಗಂಟೆಗೆ ವರದಿ ಮೈಸೂರಿಗೆ ಹೋಗಬೇಕು. ಸೋಮವಾರದ ಆಪರೇಷನ್ ಇಟ್ಟುಕೊಳ್ಳುವುದೋ ಬಿಡುವುದೋ ಅದರ ಮೇಲೆ ನಿಂತಿತ್ತು.

ಆದರೆ ಶಿವರಂಜನಿಯ ಮನಸ್ಸು ಒಪ್ಪಲಿಲ್ಲ. ದೊಡ್ಡಬಸಮ್ಮನ ಗೆಡ್ಡೆ ಅಡಿಕೆಯಷ್ಟೂ ಇರಲಿಲ್ಲ. ಅಷ್ಟು ಸಣ್ಣದು ಇಪ್ಪತ್ತಾರು ಗ್ರಂಥಿಗಳಿಗೆ ಒಂದನ್ನೂ ಬಿಡದೆ ಹಬ್ಬುತ್ತದೆಯೇ?

ಅವರು ಎದ್ದು ನೇರವಾಗಿ ಔಷಧ ಸಿದ್ಧಪಡಿಸುವ ಕೋಣೆಗೆ ಹೋದರು. ಸ್ಕ್ಯಾನ್ ಮುಗಿಯುವವರೆಗೆ ಖಾಲಿ ಸೀಸೆ, ಖಾಲಿ ಬಾಟಲಿ ಯಾವುದನ್ನೂ ಎಸೆಯುವಂತಿಲ್ಲ ಎಂಬುದು ಪ್ರಯೋಗದ ನಿಯಮ. ಎರಡೂ ಹಳದಿ ಚೀಲದಲ್ಲಿದ್ದವು. ಸಲೈನ್ ಬಾಟಲಿಯ ತಳದಲ್ಲಿ ಚಮಚದಷ್ಟು ಕಂದು ನೀರು ಉಳಿದಿತ್ತು. ರೋಗಿಗಳ ಒಡವೆಯಲ್ಲಿ ಕಬ್ಬಿಣವಿದೆಯೇ ಎಂದು ಪರೀಕ್ಷಿಸುವ ಬಿಲ್ಲೆ ಅಯಸ್ಕಾಂತವನ್ನು ಬಾಟಲಿಗೆ ಒತ್ತಿ ಹಿಡಿದರು. ಐದು ನಿಮಿಷ. ಹತ್ತು ನಿಮಿಷ.

ಏನೂ ಆಗಲಿಲ್ಲ. ನೀರು ಇದ್ದ ಹಾಗೇ ಇತ್ತು.

ದೊಡ್ಡಬಸಮ್ಮನ ಮೈಗೆ ಹೋದದ್ದು ಆ ಔಷಧವೇ ಅಲ್ಲ!

* * *

ಶಿವರಂಜನಿ ಫೋನು ಮಾಡಿ ಕರೆಸಿದ ಸಬ್ ಇನ್ಸ್‌ಪೆಕ್ಟರ್ ಯಶೋದ ಬಂದಾಗ ಹನ್ನೆರಡೂವರೆ. ನಲವತ್ತು ದಾಟಿದ, ಮೆತ್ತಗೆ ಮಾತಾಡುವ ಹೆಂಗಸು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು—

"ಇದು ವಿಷವಾ, ಡಾಕ್ಟ್ರೇ?"

"ಅಲ್ಲ ಅನ್ನಿಸುತ್ತೆ. ಅಜ್ಜಿಗೆ ಏನೂ ಆಗಿಲ್ಲ. ಇದೇ ಬಣ್ಣದ್ದು ಇನ್ನೊಂದಿದೆ—ರಕ್ತಹೀನತೆಗೆ ಕೊಡೋ ಐರನ್ ಇಂಜೆಕ್ಷನ್. ಅದರಲ್ಲೂ ಇರೋದು ಕಬ್ಬಿಣವೇ. ಆದರೆ ಅಯಸ್ಕಾಂತ ಅದನ್ನ ಹೀಗೆ ಎಳೆಯಲ್ಲ."

"ಅಸಲಿ ಔಷಧ ಎಳೆಯುತ್ತಾ?"

ಶಿವರಂಜನಿ ಖಾಲಿ ಸೀಸೆಯೊಳಗೆ ಎರಡು ಹನಿ ಸಲೈನ್ ಬಿಟ್ಟು ಅಲುಗಿಸಿ ಅಯಸ್ಕಾಂತ ಹಿಡಿದರು. ನಿಧಾನವಾಗಿ, ಗಾಜಿನ ಒಳಗೋಡೆಯ ಮೇಲೆ ಒಂದು ಕಂದು ನೆರಳು ಬಂದು ಕೂಡಿಕೊಂಡಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಂದರೆ ಸೀಸೆಯಲ್ಲಿದ್ದದ್ದು ಅಸಲಿ," ಎಂದರು ಯಶೋದ. "ಸೀಸೆಯಿಂದ ಬಾಟಲಿಗೆ ಹೋಗಿದ್ದೂ ಅಸಲಿಯೇ ಇರಬೇಕು. ಅಜ್ಜಿಯ ಕೈಗೆ ಹತ್ತಿದ್ದು ಬೇರೆ ಬಾಟಲಿ. ನಡುವೆ ಯಾರೋ ಬದಲಾಯಿಸಿದ್ದಾರೆ. ನಿನ್ನೆ ಈ ಕೋಣೆಯ ಹತ್ತಿರ ಯಾರಿದ್ದರು?"

"ಮೂರೇ ಜನ. ನರ್ಸ್ ಸೌಮ್ಯ, ಫಾರ್ಮಸಿಸ್ಟ್ ಗುರುಪ್ರಕಾಶ್, ಸ್ಕ್ಯಾನ್ ಟೆಕ್ನಿಷಿಯನ್ ಉದಯಕುಮಾರ್. ಈ ಓಣಿಗೆ ಬೇರೆಯವರಿಗೆ ಪ್ರವೇಶವಿಲ್ಲ."

"ಕ್ಯಾಮೆರಾ?"

"ಬಾಗಿಲಲ್ಲಿದೆ. ಓಣಿಯಲ್ಲಿಲ್ಲ."

* * *

ಮೊದಲು ಬಂದವಳು ಸೌಮ್ಯ. ಅಳುತ್ತಲೇ ಬಂದಳು.

"ನಾನೇ ಕೈಯಾರೆ ಹಾಕಿದ್ದು ಮೇಡಂ. ಹತ್ತೂ ಐವತ್ತಕ್ಕೆ ಸೀಸೆಯ ಸೀಲು ಒಡೆದು ಸಲೈನ್ ಬಾಟಲಿಗೆ ಬೆರೆಸಿದೆ. ಗುರುಪ್ರಕಾಶ್ ಅವರು ಎದುರಿಗೇ ನಿಂತು ನೋಡಿ ಸಹಿ ಹಾಕಿದರು. ಬಾಟಲಿಗೆ ಅಜ್ಜಿ ಹೆಸರಿನ ಲೇಬಲ್ ಅಂಟಿಸಿ ಟ್ರೇಯಲ್ಲಿಟ್ಟೆ. ಆಮೇಲೆ ಬಿಪಿ ನೋಡೋಕೆ ಹೋದೆ. ಐದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು, ಅದು ನಿಯಮ."

"ಅಷ್ಟು ಹೊತ್ತು ಬಾಟಲಿ ಹತ್ತಿರ ಯಾರೂ ಇರಲಿಲ್ಲ?"

"...ಹೂಂ ಮೇಡಂ."

"ನೀವು ಮೊದಲು ಎಲ್ಲಿ ಕೆಲಸ ಮಾಡ್ತಿದ್ದಿರಿ?"

ಸೌಮ್ಯ ತಲೆ ತಗ್ಗಿಸಿದಳು. "ಒಡೆಯರಪಾಳ್ಯದ ಕಡೆ, ಬಸುರಿಯರ ಶಿಬಿರಗಳಲ್ಲಿ."

"ಅಲ್ಲಿ ಐರನ್ ಇಂಜೆಕ್ಷನ್ ಕೊಡ್ತಿದ್ದಿರಿ."

"ದಿನಕ್ಕೆ ಹತ್ತು ಹದಿನೈದು. ಆದರೆ ಮೇಡಂ, ನಾನು ಯಾಕೆ—" ಕಣ್ಣೊರೆಸಿಕೊಂಡಳು.

ಗುರುಪ್ರಕಾಶ್ ಕಾಲ ಮೇಲೆ ಕಾಲು ಹಾಕಿ ಕೂತ. ಫ್ರಿಜ್ಜಿನ ಕೀ ತನ್ನ ಸೊಂಟದಲ್ಲೇ ಇರುತ್ತದೆ, ಉಳಿದ ಮೂರು ಸೀಸೆ ಸೀಲು ಒಡೆಯದೆ ಹಾಗೇ ಇವೆ, ಬೇಕಾದರೆ ಎಣಿಸಿಕೊಳ್ಳಿ ಎಂದ.

"ಸಹಿ ಹಾಕಿದ ಮೇಲೆ ಎಲ್ಲಿಗೆ ಹೋದಿರಿ?"

"ಸ್ಟೋರಿಗೆ."

"ನೋಡಿದವರು?"

"ಯಾರೂ ಇಲ್ಲ. ಸ್ಟೋರಿನಲ್ಲಿ ನಾನೊಬ್ಬನೇ ಇರೋದು. ಅದೇ ತಪ್ಪಾದರೆ ಬರೆದುಕೊಳ್ಳಿ."

"ಲೇಬಲ್ ಎಲ್ಲಿ ಪ್ರಿಂಟ್ ಆಗುತ್ತೆ?"

"ಸ್ಕ್ಯಾನ್ ಕೋಣೆಯ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್ ಮೂರು ಜನಕ್ಕೂ ಗೊತ್ತು."

ಉದಯಕುಮಾರ್ ಮೂವತ್ತೆಂಟರ ತೆಳ್ಳನೆಯ ಮನುಷ್ಯ. ಏಳು ವರ್ಷದಿಂದ ಇಲ್ಲಿದ್ದವನು. ರೋಗಿಗಳನ್ನು ಅವ್ವ, ಅಪ್ಪ ಎಂದೇ ಕರೆಯುತ್ತಿದ್ದ. ಅವನಿಲ್ಲದ ದಿನ ಶಿವರಂಜನಿಗೆ ಕೈ ಮುರಿದಂತಾಗುತ್ತಿತ್ತು.

"ನಾನು ನೆನ್ನೆ ಮೆಷಿನ್ ಹತ್ರಾನೇ ಇದ್ದೆ ಮೇಡಂ. ಬೆನ್ನುಮೂಳೆ ಕೇಸ್ ಒಂದು ನಡೀತಿತ್ತು."

"ಇವತ್ತಿನ ಸ್ಕ್ಯಾನ್ ನೀವೇ ಮಾಡಿದ್ದು?"

"ಹೌದು. ಅಜ್ಜಿ ಸ್ವಲ್ಪ ಒದ್ದಾಡಿದ್ರು. ಬೇಗ ಮುಗಿಸಿದೆ." ಗೋಡೆ ಗಡಿಯಾರ ನೋಡಿದ. "ಶನಿವಾರ ಒಂದು ಗಂಟೆಗೆ ನನ್ನ ಡ್ಯೂಟಿ ಮುಗಿಯುತ್ತೆ. ಮನೇಲಿ ಸ್ವಲ್ಪ ಕೆಲಸ ಇತ್ತು."

"ಕರೆದಾಗ ಸಿಗಬೇಕು."

"ಸಿಗ್ತೀನಿ ಮೇಡಂ, ಎಲ್ಲಿಗೆ ಹೋಗ್ತೀನಿ."

* * *

ಎರಡು ಗಂಟೆ. ಕಾನ್‌ಸ್ಟೇಬಲ್ ಚನ್ನಬಸವ ಸೌಮ್ಯಳ ಚೀಲ, ಗುರುಪ್ರಕಾಶನ ಸ್ಟೋರು ಎರಡನ್ನೂ ಜಾಲಾಡಿ ಬರಿಗೈಯಲ್ಲಿ ಬಂದ. ಮೈಸೂರಿನಿಂದ ಎರಡು ಸಲ ಫೋನು ಬಂತು. ವರದಿ ಎಲ್ಲಿ? ಶಿವರಂಜನಿ ಏನೋ ಸಬೂಬು ಹೇಳಿ ಇಟ್ಟರು.

ಯಶೋದ ಮಾತ್ರ ಪರದೆಯ ಮುಂದೆ ಕೂತಿದ್ದರು.

"ಡಾಕ್ಟ್ರೇ, ಚೆನ್ನಾಗಿ ಬಂದ ಸ್ಕ್ಯಾನ್ ಹೇಗಿರುತ್ತೆ ಅಂತ ಒಂದು ತೋರಿಸ್ತೀರಾ?"

ಹೋದ ತಿಂಗಳು ಇದೇ ಔಷಧ ಪಡೆದ ಕೆಂಪನಂಜಪ್ಪನ ಚಿತ್ರವನ್ನು ಶಿವರಂಜನಿ ಪಕ್ಕದಲ್ಲೇ ತೆರೆದರು. ಕರಿಮೆಣಸಿನ ಕಾಳು ಚೆಲ್ಲಿದಂತೆ ಕಪ್ಪು ಗ್ರಂಥಿಗಳು. ನಡುವೆ ಒಂದೇ ಒಂದು ಬಿಳಿ.

ಯಶೋದ ಎರಡನ್ನೂ ಬಹಳ ಹೊತ್ತು ನೋಡಿದರು.

"ಅಜ್ಜಿಯದು ಗಿಡ್ಡಗಿದೆಯಲ್ಲ?"

"ಒದ್ದಾಡಿದರಂತಲ್ಲ, ಮೇಲಿನ ಭಾಗ ಬಿಟ್ಟಿದ್ದಾನೆ. ನಮಗೆ ಬೇಕಾದ್ದು ಸೊಂಟದ ಭಾಗ. ಅದು ಪೂರ್ತಿ ಇದೆ."

"ಮೇಲಿನ ಭಾಗ ಅಂದರೆ?"

"ಹೊಟ್ಟೆಯ ಮೇಲುಗಡೆ. ಲಿವರ್, ಗುಲ್ಮ."

ಯಶೋದ ಎದ್ದು ಹಜಾರಕ್ಕೆ ನಡೆದರು. ಶಿವರಂಜನಿ ಹಿಂದೆಯೇ ಹೋದರು.

ದೊಡ್ಡಬಸಮ್ಮ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದರು. ರತ್ನ ದಡಬಡಿಸಿ ಎದ್ದು ನಿಂತಳು. "ಏನಾರ ಕೆಟ್ಟದ್ದಾ ಮೇಡಂ? ಪೋಲೀಸ್ನೋರ್ ಯಾಕ್ ಬಂದವ್ರೆ?"

"ನಿಮ್ಮಿಂದೇನೂ ಇಲ್ಲಮ್ಮ. ಕೂತ್ಕೊಳ್ಳಿ." ಯಶೋದ ಅಜ್ಜಿಯ ಪಕ್ಕದಲ್ಲೇ ಕೂತರು. "ಅವ್ವ, ಬೆಳಿಗ್ಗೆ ಆ ಮಿಷನ್ ಒಳಗೆ ಬಲು ಒದ್ದಾಡಿದ್ರಂತೆ?"

"ನಾನಾ?" ಅಜ್ಜಿ ಕಣ್ಣರಳಿಸಿದರು. "ನಾನ್ಯಾಕವ್ವ ಒದ್ದಾಡ್ಲಿ? ಒಳೀಕ್ ತಳ್ತಿದ್ದಂಗೆ ಗಡಗಡ ಅನ್ನಕ್ ಸುರುವಾಯ್ತು, ಅಕ್ಕಿ ಮಿಲ್ನಲ್ಲಿ ಕುಂತಂಗೆ. ಕಣ್ ಮುಚ್ಕಂಡೆ. ಅಂಗೇ ನಿದ್ದೆ ಬಂದ್ಬುಡ್ತು. ಬೆಳಿಗ್ಗೆ ನಾಕಕ್ಕೇ ಎದ್ದು ಬಸ್ ಹತ್ತಿದ್ದು ನೋಡು. ಆಮೇಕೆ ಆ ಅಪ್ಪನೇ ಬಂದು 'ಏಳವ್ವ, ಮುಗೀತು' ಅಂತ ಎಬ್ಬುಸ್ದ. ಒಳ್ಳೆ ಮನುಸ, ಕೈ ಇಡ್ಕಂಡು ಇಳುಸ್ದ."

ಯಶೋದ ಎದ್ದರು. ಮುಖದ ಮೆದುತನ ಮಾಯವಾಗಿತ್ತು.

"ಚನ್ನಬಸವ, ಉದಯಕುಮಾರನ ನಂಬರಿಗೆ ಫೋನ್ ಮಾಡು."

ಫೋನು ಆಫ್ ಆಗಿತ್ತು.

"ಡಾಕ್ಟ್ರೇ—ಈ ಔಷಧ ಬೇಕು ಅಂತ ಕೇಳಿ, ಸಿಗದೆ ಹೋದವರು ಯಾರಾದರೂ ಇದ್ದಾರಾ?"

ಇದ್ದರು. ಪ್ರಯೋಗಕ್ಕೆ ಅರ್ಜಿ ಹಾಕಿ ತಿರಸ್ಕೃತರಾದ ಹನ್ನೊಂದು ಜನರ ಪಟ್ಟಿ ಕಪಾಟಿನಲ್ಲಿತ್ತು. ಶಿವರಂಜನಿ ಬೆರಳಿಟ್ಟು ಓದುತ್ತ ಹೋದರು. ಮೈಸೂರು, ನಂಜನಗೂಡು, ಹನೂರು... ಒಂಬತ್ತನೆಯದು—ರಾಣಿ, ಮೂವತ್ತನಾಲ್ಕು ವರ್ಷ, ಯಳಂದೂರು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮೂತ್ರಪಿಂಡದ ತೊಂದರೆ. ಗಂಡನ ಹೆಸರಿನ ಜಾಗದಲ್ಲಿ ತಂದೆಯ ಹೆಸರು. ಕೆಳಗೆ ಒಂದು ಫೋನ್ ನಂಬರು.

ಚನ್ನಬಸವ ಈಗಷ್ಟೇ ಒತ್ತಿದ್ದ ನಂಬರದು. ರಾಣಿ ಉದಯಕುಮಾರನ ಹೆಂಡತಿ.

"ಯಾಕೆ ತಿರಸ್ಕರಿಸಿದಿರಿ?" ಯಶೋದ ಕೇಳಿದರು.

ಆ ಸಾಲಿನ ಕೊನೆಯಲ್ಲಿ ಇದ್ದದ್ದು ಶಿವರಂಜನಿಯದೇ ಸಹಿ. ಮೈಸೂರಿನಿಂದ ಬಂದ ಕಾಗದಗಳ ಕಟ್ಟಿನಲ್ಲಿ ಯಾವುದೋ ಒಂದು ಹೆಸರೆಂದು ಓದಿ ಎರಡು ನಿಮಿಷದಲ್ಲಿ ಹಾಕಿದ ಸಹಿ.

"ಅಲರ್ಜಿ. ಹಿಂದೆ ಐರನ್ ಇಂಜೆಕ್ಷನ್ ಕೊಟ್ಟಾಗ ಉಸಿರು ಕಟ್ಟಿ ಸಾಯೋ ಸ್ಥಿತಿಗೆ ಹೋಗಿದ್ದರು. ಯಶೋದ ಅವರೇ, ಈ ಔಷಧ ಅವರ ಮೈಗೆ ಹೋದರೆ—"

"ಯಾವಾಗ ಹಾಕ್ತಾನೆ?"

"ಹಾಕಿದ ಮರುದಿನ ಸ್ಕ್ಯಾನ್ ಮಾಡಬೇಕು. ನಾಳೆ ಭಾನುವಾರ. ಸೆಂಟರಿಗೆ ರಜ. ಸ್ಕ್ಯಾನ್ ಕೋಣೆಯ ಕೀ ಅವನ ಹತ್ತಿರವೇ ಇರುತ್ತೆ." ಶಿವರಂಜನಿ ಗಡಿಯಾರ ನೋಡಿದರು. ಎರಡೂ ಇಪ್ಪತ್ತೈದು. "ಈಗಲೇ ಹಾಕ್ತಾನೆ!"

* * *

ಜೀಪಿನಲ್ಲಿ ಮುಂದೆ ಚನ್ನಬಸವ, ಯಶೋದ. ಹಿಂದೆ ಶಿವರಂಜನಿ, ಸೌಮ್ಯ. ಸೌಮ್ಯಳ ಮಡಿಲಲ್ಲಿ, ಅಲರ್ಜಿಗೆ ಉಸಿರು ಕಟ್ಟಿದರೆ ಕೊಡುವ ಅಡ್ರಿನಲಿನ್ ಇದ್ದ ಪೆಟ್ಟಿಗೆ. ಬಾ ಎಂದು ಯಾರೂ ಕರೆದಿರಲಿಲ್ಲ. ಅವಳೇ ಓಡಿ ಬಂದು ಹತ್ತಿದ್ದಳು.

ಊರು ದಾಟುತ್ತಲೇ ಕುಂತೂರಿನ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ರಸ್ತೆ ತುಂಬ ಹರಡಿಕೊಂಡು ತೆವಳುತ್ತಿತ್ತು. ಚನ್ನಬಸವ ಹಾರನ್ ಒತ್ತಿದ್ದೇ ಒತ್ತಿದ್ದು. ಟ್ರ್ಯಾಕ್ಟರಿನವನ ಕಿವಿಯಲ್ಲಿ ಹಾಡು.

"ಲೇ, ಪಕ್ಕಕ್ ತಗೀಲಾ! ಜೀವ ಓಯ್ತಾ ಅದೆ!"

ಒಂದು ಚಕ್ರ ಮಣ್ಣಿಗಿಳಿಸಿ ಜೀಪು ನುಸುಳಿತು. ಕಬ್ಬಿನ ಗರಿಗಳು ಕಿಟಕಿಯುದ್ದಕ್ಕೂ ಗೀರಿಕೊಂಡು ಹೋದವು. ಯಶೋದ ಯಳಂದೂರಿನ ಆಂಬುಲೆನ್ಸಿಗೆ ಫೋನು ಮಾಡಿ ವಿಳಾಸ ಹೇಳುತ್ತಿದ್ದರು. ಶಿವರಂಜನಿ ಡ್ರಿಪ್ಪು ನಿಮಿಷಕ್ಕೆ ಎಷ್ಟು ಹನಿ ಬೀಳುತ್ತದೆಂದು ಲೆಕ್ಕ ಹಾಕುತ್ತ, ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಹಾಕುತ್ತ ಕೂತರು.

ಯಳಂದೂರು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ. ನೀಲಿ ಬಾಗಿಲಿನ ಹೆಂಚಿನ ಮನೆ. ಒಳಗಿನಿಂದ ಚಿಲಕ ಹಾಕಿತ್ತು.

"ಉದಯಕುಮಾರ್! ಬಾಗಿಲು ತೆಗೀರಿ!"

ಒಳಗೆ ಏನೋ ಉರುಳಿದ ಸದ್ದು. ಚನ್ನಬಸವ ಭುಜ ಕೊಟ್ಟು ಎರಡು ಸಲ ಗುದ್ದಿದ. ಚಿಲಕ ಕಿತ್ತು ಬಂತು.

ಕಿಟಕಿಯ ಸರಳಿಗೆ ಬಾಟಲಿ ನೇತು ಹಾಕಿತ್ತು. ಕಾಫಿ ಬಣ್ಣದ ದ್ರವ ನಳಿಕೆಯಲ್ಲಿ ಹನಿಹನಿಯಾಗಿ ಇಳಿಯುತ್ತಲೇ ಇತ್ತು. ಮಂಚದ ಮೇಲೆ ರಾಣಿ—ತುಟಿ ಊದಿ, ಮುಖ ಕೆಂಪೇರಿ, ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡಿದ್ದಳು. ಉಸಿರಿಗೆ ಸೀಟಿ ಊದಿದಂಥ ಸದ್ದು. ಪಕ್ಕದಲ್ಲಿ ಉದಯಕುಮಾರ್ ಸಿರಿಂಜು ಹಿಡಿದು ನಿಂತಿದ್ದ. ಅಲರ್ಜಿ ಇಳಿಸುವ ಔಷಧದ ಗಾಜಿನ ಸೀಸೆ ಕಾಲ ಬಳಿ ಒಡೆದು ಚೂರಾಗಿ ಬಿದ್ದಿತ್ತು.

"ನನ್ ಕೈಲಿ ಆಯ್ತಿಲ್ಲ ಮೇಡಂ... ಆಯ್ತಿಲ್ಲ..."

ಶಿವರಂಜನಿ ಅವನನ್ನು ಪಕ್ಕಕ್ಕೆ ತಳ್ಳಿ ಡ್ರಿಪ್ಪಿನ ಚಕ್ರ ಮುಚ್ಚಿದರು. "ಸೌಮ್ಯ, ಅಡ್ರಿನಲಿನ್!" ಹೇಳುವ ಮೊದಲೇ ಸೌಮ್ಯ ಸೂಜಿ ತುಂಬಿ ಹಿಡಿದಿದ್ದಳು. ತೊಡೆಗೆ ಚುಚ್ಚಿದರು. ಕಾಲು ಎತ್ತರಿಸಿದರು. ನಾಡಿ ಹಿಡಿದರು.

ಒಂದು ನಿಮಿಷ. ಎರಡು. ಸೀಟಿಯ ಸದ್ದು ಹಾಗೇ ಇತ್ತು.

"ಇನ್ನೊಂದು ಕೊಡು."

ಮೂರನೆಯ ನಿಮಿಷಕ್ಕೆ ರಾಣಿ ದೊಡ್ಡದಾಗಿ ಉಸಿರೆಳೆದುಕೊಂಡಳು. ಮತ್ತೊಂದು. ಬೀದಿಯ ತುದಿಯಲ್ಲಿ ಆಂಬುಲೆನ್ಸಿನ ಕೂಗು ಕೇಳಿಸಿತು.

* * *

ತಾಲ್ಲೂಕು ಆಸ್ಪತ್ರೆಯ ಜಗಲಿಯಲ್ಲಿ ಉದಯಕುಮಾರ್ ಬೆಂಚಿನ ತುದಿಗೆ ಕೂತಿದ್ದ. ಪಕ್ಕದಲ್ಲಿ ಚನ್ನಬಸವ. ಎದುರಿಗೆ ನಿಂತ ಶಿವರಂಜನಿಗೆ ಸಿಟ್ಟೂ ಬರಲೊಲ್ಲದು, ಅಳುವೂ ಬರಲೊಲ್ಲದು.

"ಇವನೇ ಅಂತ ನಿಮಗೆ ಹೇಗೆ ಗೊತ್ತಾಯಿತು?" ಯಶೋದ ಅವರನ್ನು ಕೇಳಿದರು. "ಸೌಮ್ಯ ಇದ್ದಳು. ಗುರುಪ್ರಕಾಶ್ ಇದ್ದ. ಬಾಟಲಿ ಬದಲಾಯಿಸೋಕೆ ಮೂವರಿಗೂ ಅವಕಾಶವಿತ್ತು."

"ಬದಲಾಯಿಸೋದು ಮೂವರ ಕೈಲೂ ಆಗ್ತಿತ್ತು. ಮುಚ್ಚಿಡೋದು ಒಬ್ಬರ ಕೈಲಿ ಮಾತ್ರ." ಯಶೋದ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ನೀವೆಲ್ಲ ಚಿತ್ರದಲ್ಲಿ ಏನಿದೆ ಅಂತ ನೋಡಿದಿರಿ ಡಾಕ್ಟ್ರೇ. ನನಗೆ ಅದು ಓದೋಕೆ ಬರಲ್ಲ. ಒಂದು ಉದ್ದ, ಒಂದು ಗಿಡ್ಡ—ಅಷ್ಟೇ ನನ್ನ ಕಣ್ಣಿಗೆ ಬಿದ್ದದ್ದು. ಕೆಂಪನಂಜಪ್ಪನ ಚಿತ್ರದ ಮೇಲ್ತುದಿಯಲ್ಲಿ ದೊಡ್ಡದೊಂದು ಕರೀ ಮುದ್ದೆ ಇತ್ತಲ್ಲ, ಏನದು?"

ಶಿವರಂಜನಿ ಹಣೆ ಒತ್ತಿಕೊಂಡರು. "ಲಿವರ್. ಔಷಧದ ಹೆಚ್ಚಿನ ಪಾಲನ್ನ ಲಿವರ್ರು, ಗುಲ್ಮಗಳೇ ನುಂಗುತ್ವೆ. ಔಷಧ ಹೋಗಿದ್ದರೆ ಅವು ಕಪ್ಪಾಗಲೇಬೇಕು. ರೋಗ ಇರಲಿ, ಬಿಡಲಿ."

"ಗಂಟು ಬೆಳ್ಳಗಿದ್ದರೆ ರೋಗ ಅಂತ ನಂಬಬಹುದು. ಲಿವರ್ ಬೆಳ್ಳಗಿದ್ದರೆ?"

"ಔಷಧವೇ ಹೋಗಿಲ್ಲ ಅಂತ ಆ ಕ್ಷಣವೇ ಗೊತ್ತಾಗುತ್ತಿತ್ತು."

"ಅದಕ್ಕೇ ಲಿವರ್ ಚಿತ್ರಕ್ಕೆ ಬರದ ಹಾಗೆ ನೋಡಿಕೊಂಡಿದ್ದಾನೆ. ಎಲ್ಲಿಂದ ಎಲ್ಲಿವರೆಗೆ ಚಿತ್ರ ತೆಗೀಬೇಕು ಅಂತ ತೀರ್ಮಾನ ಮಾಡೋನು ಅವನೊಬ್ಬನೇ. ಅಜ್ಜಿ ಒದ್ದಾಡಿದರು ಅಂದ. ಅದೊಂದು ನಿಜವಾಗಿದ್ದರೆ ನಾನೂ ಸುಮ್ಮನಾಗ್ತಿದ್ದೆ. ಅಜ್ಜಿ ಹೇಳಿದ್ದನ್ನ ನೀವೇ ಕೇಳಿದಿರಿ—ಗೊರಕೆ ಹೊಡೀತಾ ಮಲಗಿದ್ದವರು. ಲಿವರ್ ಬೆಳ್ಳಗಿರುತ್ತೆ ಅಂತ ಚಿತ್ರ ತೆಗೆಯೋಕೆ ಮೊದಲೇ ಗೊತ್ತಿದ್ದವನು, ಬಾಟಲಿ ಬದಲಾಯಿಸಿದವನೇ." ಉದಯಕುಮಾರನ ಕಡೆ ತಿರುಗಿದರು. "ಐರನ್ ಇಂಜೆಕ್ಷನ್ ಎಲ್ಲಿಂದ ತಂದೆ?"

ಅವನು ತಲೆಯೆತ್ತಲಿಲ್ಲ. "ಮನೇಲೇ ಇತ್ತು ಮೇಡಂ. ಇವಳಿಗೆ ಅಂತ ಐದು ತಂದಿದ್ವು. ಒಂದನ್ನ ಹಾಕ್ತಿದ್ದಂಗೇ ಹಿಂಗಾಯ್ತು. ನಾಲ್ಕು ಉಳಿದಿದ್ವು."

"ಇದು ಗೊತ್ತಿದ್ದೂ?" ಶಿವರಂಜನಿಯ ದನಿ ಏರಿತು. "ಏಳು ವರ್ಷ ಇದೇ ಕೆಲಸ ಮಾಡಿದವನು ನೀನು!"

"ಅದು ಬೇರೆ ಔಷಧ, ಇದು ಬೇರೆ ಅಂದ್ಕಂಡೆ. ನಿಧಾನಕ್ಕೆ ಬಿಟ್ರೆ ಏನೂ ಆಗಲ್ಲ ಅಂದ್ಕಂಡೆ. ರೋಗ ಹಬ್ಬಿದ್ಯೋ ಇಲ್ವೋ ಅಂತ ಯಾರ್ ಕೈಲೂ ಹೇಳಕ್ಕಾಗ್ತಿಲ್ಲ. ಮೂರ್ ತಿಂಗ್ಳಿಂದ ಆಪರೇಷನ್ ಮಾಡನಾ, ಬ್ಯಾಡ್ವಾ ಅಂತ ಕುಂತವ್ರೆ. ದಿನಾ ಬೇರೆಯವ್ರದ್ದ ನೋಡ್ತೀನಿ. ನಂದೊಂದು ಮಾತ್ರ ನೋಡಕ್ಕಾಗಲ್ವಾ?"

"ನನ್ನ ಹತ್ತಿರ ಬಂದು ಕೇಳಬಹುದಿತ್ತು."

"ಸಹಿ ನಿಮ್ದೇ ಇತ್ತಲ್ಲ ಮೇಡಂ."

ಸೌಮ್ಯ ಕಂಬಕ್ಕೆ ಒರಗಿ ನಿಂತಿದ್ದಳು.

ಯಶೋದ ಮೆತ್ತಗೆ ಕೇಳಿದರು, "ಆ ಚಿತ್ರ ನೋಡಿದರೆ ಅಜ್ಜಿಗೆ ಆಪರೇಷನ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದರು. ಅದನ್ನ ಯೋಚನೆ ಮಾಡಲಿಲ್ಲವಾ?"

ಉದಯಕುಮಾರ್ ತನ್ನ ಅಂಗೈಗಳನ್ನು ನೋಡಿಕೊಂಡ.

"ಮಾಡ್ದೆ," ಎಂದ. "ನೆನ್ನೆ ರಾತ್ರಿಯೆಲ್ಲ ಮಾಡ್ದೆ. ಬೆಳಿಗ್ಗೆ ಆವಮ್ಮನ್ನ ಕೈ ಹಿಡಿದು ಇಳಿಸುವಾಗಲೂ ಮಾಡ್ದೆ. ಆಮೇಲೆ ಮಾಡೋದ್ ಬಿಟ್ಟೆ."

ಚನ್ನಬಸವ ಅವನ ತೋಳು ಹಿಡಿದು ಎಬ್ಬಿಸಿದ. ವಾರ್ಡಿನ ಬಾಗಿಲ ಮುಂದೆ ಹಾದು ಹೋಗುವಾಗ ಅವನು ಒಳಗೆ ನೋಡಲಿಲ್ಲ.

ಜೀಪು ಹೋದ ಮೇಲೆ ಶಿವರಂಜನಿ ಮೈಸೂರಿಗೆ ಫೋನು ಮಾಡಿದರು. ಶನಿವಾರದ ಚಿತ್ರ ರದ್ದು, ಸೋಮವಾರ ಹೊಸದಾಗಿ ಔಷಧ ಹಾಕಿ ಮಂಗಳವಾರ ಮತ್ತೆ ತೆಗೆಯುತ್ತೇವೆ, ಅಲ್ಲಿಯವರೆಗೆ ಆಪರೇಷನ್ ಮುಂದೂಡಿ ಎಂದರು. ರತ್ನಳಿಗೂ ಅದನ್ನೇ ಹೇಳಿದರು. ತಪ್ಪು ನಮ್ಮದು, ಅಮ್ಮನದಲ್ಲ ಎಂದು ಎರಡು ಸಲ ಹೇಳಿದರು.

ಆಮೇಲೆ ವಾರ್ಡಿಗೆ ಹೋಗಿ ರಾಣಿಯ ಪಕ್ಕ ಸ್ಟೂಲಿನ ಮೇಲೆ ಕೂತು ನಾಡಿ ನೋಡಿದರು. ಊತ ಇಳಿದಿತ್ತು. ರಾಣಿ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದಳು, ಆಮೇಲೆ ಇವರನ್ನು.

"ನೀವು... ಶಿವರಂಜನಿ ಮೇಡಮ್ಮಾ?"

"ಹೌದು."

"ಹೆದರ್ಕೆ ಆಗಿತ್ತು, ಬ್ಯಾಡ ಅಂದೆ ಮೇಡಂ." ದನಿ ಇನ್ನೂ ಒಡೆದಿತ್ತು. "ನೀವೇ ಒಪ್ಪಿ ಕಳ್ಸಿದ್ದೀರಿ ಅಂದ್ರು. ಅದ್ಕೇ ಕೈ ಕೊಟ್ಟೆ."